ನ್ಯಾಶ್‌ವಿಲ್ ನೋಡಲು ಒಂದು ದಿನ ಸಾಕೇ?

ಅಟ್ಲಾಂಟಾದಲ್ಲಿ ನೆಲೆಸಿರುವ ನಮ್ಮ ಮನೆಗೆ ಊರಿನಿಂದ ಬರುವ ನೆಂಟರೂ, ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುವ ಇಲ್ಲಿನ ಸ್ನೇಹಿತರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ನಮಗೆ ಕಂಟ್ರಿ ಸಂಗೀತದ ಗಂಧಗಾಳಿ ಇಲ್ಲ, ಜೊತೆಯಲ್ಲಿ ಮಕ್ಕಳಿದ್ದಾರೆ, ಇರುವುದು ಒಂದೇ ದಿನ, ನ್ಯಾಶ್‌ವಿಲ್‌ಗೆ ಹೋಗಿ ಮಾಡುವುದೇನು?" ಹೋಗಿ ಎಂದೇ ನಾನು ಹೇಳುತ್ತೇನೆ. ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ತವರೆನಿಸಿದ್ದು ಟೆನೆಸಿ ರಾಜ್ಯದ ಈ ಊರು. ಬ್ರಾಡ್‌ವೇ ಬೀದಿಯ ಬಾರುಗಳ ಮುಂದೆ ಅಡ್ಡಾಡಿ ಫೋಟೊ ತೆಗೆಸಿಕೊಳ್ಳುವುದಕ್ಕಾದರೆ ಒಂದು ದಿನವೂ ಹೆಚ್ಚೇ. ಒಂದು ರೇಡಿಯೊ ಕೇಂದ್ರವು ಇಡೀ ಊರಿನ ಹಣೆಬರಹವನ್ನು ಹೇಗೆ ಬದಲಿಸಿತು ಎಂಬ ಎಳೆಯನ್ನು ಹಿಡಿದು ನಾಲ್ಕು ಕಟ್ಟಡಗಳನ್ನು ನೋಡುವುದಾದರೆ, ಒಂದು ಹಾಡನ್ನೂ ಕೇಳಿರದವರಿಗೂ ಆ ದಿನ ತುಂಬಿಕೊಳ್ಳುತ್ತದೆ.

ಆ ಎಳೆ ಶುರುವಾಗುವುದು ಒಂದು ವಿಮಾ ಕಂಪನಿಯಿಂದ. ನ್ಯಾಷನಲ್ ಲೈಫ್ ಅಂಡ್ ಆಕ್ಸಿಡೆಂಟ್ ಎಂಬ ಕಂಪನಿಯು 1925ರಲ್ಲಿ ಡಬ್ಲ್ಯುಎಸ್ಎಂ ಎಂಬ ರೇಡಿಯೊ ಕೇಂದ್ರವನ್ನು ತೆರೆಯಿತು. ಆ ಮೂರು ಅಕ್ಷರಗಳೂ ಕಂಪನಿಯ ಘೋಷವಾಕ್ಯದಿಂದ ಆಯ್ದುಕೊಂಡವು. ಅದೇ ವರ್ಷದ ನವೆಂಬರ್ 28ರ ಶನಿವಾರ ರಾತ್ರಿ ಜಾರ್ಜ್ ಹೇ ಎಂಬ ನಿರೂಪಕ, 70 ದಾಟಿದ್ದ ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ ಪಿಟೀಲುವಾದಕನನ್ನು ಮೈಕಿನ ಮುಂದೆ ಕೂರಿಸಿದ. ಹಳ್ಳಿಯವರು ತಮ್ಮ ಮನೆಯ ಜಗಲಿಯಲ್ಲಿ ನುಡಿಸುತ್ತಿದ್ದ ಸಂಗೀತ ಗಾಳಿಯಲ್ಲಿ ಹರಿದುಬಂದದ್ದು ಕೇಳುಗರಿಗೆ ಹಿಡಿಸಿತು. ಶನಿವಾರದ ಆ ಕಾರ್ಯಕ್ರಮವೇ ಮುಂದೆ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರು ಪಡೆದು, 2025ಕ್ಕೆ ನೂರು ವರ್ಷ ತುಂಬಿಸಿ, ಇಂದಿಗೂ ನಡೆಯುತ್ತಿದೆ. ವಿಮೆ ಮಾರಲು ಹಳ್ಳಿಹಳ್ಳಿ ಸುತ್ತುತ್ತಿದ್ದ ಏಜೆಂಟರಿಗೆ ಈ ಕಾರ್ಯಕ್ರಮದ ಹೆಸರೇ ಮನೆಬಾಗಿಲು ತೆರೆಸುತ್ತಿತ್ತು. ಹಾಡುಗಾರರು ಈ ಊರಿಗೆ ಬಂದದ್ದು ಶನಿವಾರದ ಆ ಕಾರ್ಯಕ್ರಮಕ್ಕಾಗಿ. ಹಾಡುಗಾರರಿದ್ದಾರೆಂದು ಧ್ವನಿಮುದ್ರಣದ ಕಂಪನಿಗಳು ಬಂದವು. ಅವುಗಳ ಬೆನ್ನಿಗೆ ಹಾಡು ಬರೆದು ಬದುಕುವವರು ಬಂದರು.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯದ ಮುಂದೆ ಇರುವಂತೆ ಹೊರಡಬೇಕು. 2001ರಲ್ಲಿ ತೆರೆದ ಈ ಕಟ್ಟಡದ ಕಿಟಕಿಗಳ ಸಾಲನ್ನು ಪಿಯಾನೊದ ಮನೆಗಳಂತೆ ಜೋಡಿಸಿದ್ದಾರೆ, ಮೇಲಿನಿಂದ ನೋಡಿದರೆ ಇಡೀ ಕಟ್ಟಡ ಪಾಶ್ಚಾತ್ಯ ಸ್ವರಲಿಪಿಯ ಒಂದು ಚಿಹ್ನೆಯ ಆಕಾರದಲ್ಲಿದೆ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ಕಂಡವರಿಗೆ ಇದರ ಹಿಂದಿನ ಉತ್ಸಾಹ ಅರ್ಥವಾಗುತ್ತದೆ. ಪಿಟೀಲನ್ನೇ ಕಟ್ಟಡವಾಗಿ ನಿಲ್ಲಿಸಿದ ನಮ್ಮವರ ಧೈರ್ಯ ಇವರಿಗೆ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಒಳಗೆ ಎಲ್ಲವನ್ನೂ ಓದುತ್ತ ನಿಂತರೆ ಸಂಜೆಯಾಗುತ್ತದೆ, ಮಕ್ಕಳೂ ಮುನಿಯುತ್ತಾರೆ. ಎರಡು ಗಂಟೆ ಸಾಕು. ಬ್ರಿಟಿಷ್ ದ್ವೀಪಗಳಿಂದ ಬಂದ ವಲಸಿಗರು ಪಿಟೀಲನ್ನು ತಂದರು, ಗುಲಾಮರಾಗಿ ಸಾಗಿಸಲ್ಪಟ್ಟ ಪಶ್ಚಿಮ ಆಫ್ರಿಕಾದ ಜನರಿಂದ ಬ್ಯಾಂಜೊ ಎಂಬ ತಂತಿವಾದ್ಯ ಬಂತು, ಜಾರುಸ್ವರಗಳ ಸ್ಟೀಲ್ ಗಿಟಾರ್ ಹವಾಯಿಯಿಂದ ಬಂತು ಎಂಬಷ್ಟನ್ನು ಮೊದಲೇ ಮಕ್ಕಳಿಗೆ ಹೇಳಿಟ್ಟರೆ, ಗಾಜಿನ ಹಿಂದಿನ ವಾದ್ಯಗಳು ಅವರಿಗೆ ಬರಿಯ ಹಳೆಯ ಸಾಮಾನುಗಳಾಗಿ ಕಾಣುವುದಿಲ್ಲ. ಹಾಗೆ ಹೇಳದಿದ್ದರೂ ಸಂಗ್ರಹದಲ್ಲಿರುವ ಎರಡು ಕಾರುಗಳು ಅವರನ್ನು ಹಿಡಿದು ನಿಲ್ಲಿಸುತ್ತವೆ: ಒಂದು ಎಲ್ವಿಸ್ ಪ್ರೆಸ್ಲಿ ಚಿನ್ನದ ಲೇಪ ಹಾಕಿಸಿ, ಒಳಗೆ ಟಿ.ವಿ. ಇರಿಸಿಕೊಂಡಿದ್ದ ಕ್ಯಾಡಿಲಾಕ್, ಇನ್ನೊಂದು ವೆಬ್ ಪಿಯರ್ಸ್ ಎಂಬ ಗಾಯಕ ಬೆಳ್ಳಿಯ ಡಾಲರ್ ನಾಣ್ಯಗಳನ್ನೂ ಪಿಸ್ತೂಲುಗಳನ್ನೂ ಕೂರಿಸಿಕೊಂಡಿದ್ದ ಪಾಂಟಿಯಾಕ್.

ಇಲ್ಲಿಂದಲೇ ಆರ್‌ಸಿಎ ಸ್ಟುಡಿಯೊ ಬಿ ಎಂಬ ಹಳೆಯ ಧ್ವನಿಮುದ್ರಣ ಕೇಂದ್ರವನ್ನು ನೋಡಲು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ, ಅದಕ್ಕೆ ಪ್ರತ್ಯೇಕ ಟಿಕೆಟ್ ಬೇಕು. ಹಣ ಉಳಿಸಲೆಂದು ಬಹಳ ಜನ ಇದನ್ನೇ ಬಿಡುತ್ತಾರೆ. ನನ್ನನ್ನು ಕೇಳಿದರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ. 1957ರಲ್ಲಿ ಕಟ್ಟಿದ ಈ ಸಾಧಾರಣ ಕಟ್ಟಡದಲ್ಲಿ ಎಲ್ವಿಸ್ ಒಬ್ಬರೇ 200ಕ್ಕೂ ಹೆಚ್ಚು ಹಾಡುಗಳನ್ನು ಮುದ್ರಿಸಿದರು. ಅವುಗಳಲ್ಲೊಂದು ವಿರಹಗೀತೆಯನ್ನು ಅವರು ದೀಪಗಳನ್ನೆಲ್ಲ ಆರಿಸಿ ಕತ್ತಲಲ್ಲಿ ಹಾಡಿದ್ದರು. ಗಾಯಕಿ ಡಾಲಿ ಪಾರ್ಟನ್ ಧ್ವನಿಮುದ್ರಣಕ್ಕೆ ತಡವಾಯಿತೆಂದು ಧಾವಿಸಿ ಬಂದು ಕಾರನ್ನು ಗೋಡೆಗೆ ಗುದ್ದಿದ ಕಥೆಯನ್ನು ಹೇಳಿ, ಗೋಡೆಯ ಮೇಲಿನ ಗುರುತನ್ನೂ ತೋರಿಸುತ್ತಾರೆ.

ಸಂಗೀತ ಕಲಿಯುತ್ತಿರುವ ಮಕ್ಕಳಿದ್ದರೆ ಈ ಊರಿನ ವಾದಕರ ಇನ್ನೊಂದು ಜಾಣತನವನ್ನು ಅವರಿಗೆ ಹೇಳಲೇಬೇಕು. ಸ್ಟುಡಿಯೊದಲ್ಲಿ ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವ ವಾದಕರಿಗೆ ಪೂರ್ಣ ಸ್ವರಲಿಪಿ ಬರೆದುಕೊಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಅದಕ್ಕಾಗಿ ಅವರು ಸ್ವರಮೇಳಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು (ಕಾರ್ಡ್), ಅಕ್ಷರಗಳ ಬದಲು 1, 4, 5 ಎಂದು ಅಂಕಿಗಳಲ್ಲಿ ಬರೆದುಕೊಳ್ಳುವ ಪದ್ಧತಿಯನ್ನು ರೂಢಿಸಿಕೊಂಡರು. ಗಾಯಕ ಇಂದು ಗಂಟಲು ಸರಿಯಿಲ್ಲ, ಶ್ರುತಿ ಇಳಿಸಿ ಎಂದರೆ ಹಾಳೆಯಲ್ಲಿ ಏನನ್ನೂ ತಿದ್ದಬೇಕಿಲ್ಲ, ಏಕೆಂದರೆ ಅಂಕಿಗಳು ಆಧಾರಸ್ವರದಿಂದ ಎಣಿಸಿದವು. ಶ್ರುತಿ ಯಾವುದಾದರೂ ಷಡ್ಜ ಷಡ್ಜವೇ ಎಂದು ಮೊದಲ ಪಾಠದಲ್ಲೇ ಕಲಿತ ನಮ್ಮ ಮಕ್ಕಳಿಗೆ ಇದು ಕೂಡಲೇ ಹೊಳೆಯುತ್ತದೆ, ಪಿಯಾನೊ ಕಲಿತವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಮಧ್ಯಾಹ್ನದ ಊಟದ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಊರಿನ ಹೆಮ್ಮೆಯ ಹಾಟ್ ಚಿಕನ್ ನಿಜಕ್ಕೂ ಖಾರ, ಮಾಂಸ ತಿನ್ನುವವರು ನಡುಮಟ್ಟದ ಖಾರದಿಂದ ಆರಂಭಿಸುವುದು ಲೇಸು. ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದದ್ದು ಮೀಟ್ ಅಂಡ್ ತ್ರೀ ಎಂಬ ಊಟದ ಅಂಗಡಿಗಳಲ್ಲಿ: ಒಂದು ಮಾಂಸ, ಮೂರು ತರಕಾರಿ ಎಂಬುದು ಅಲ್ಲಿನ ಕ್ರಮ, ಮಾಂಸ ಬೇಡ ತರಕಾರಿಯನ್ನೇ ಕೊಡಿ ಎಂದರೂ ಕೊಡುತ್ತಾರೆ, ಆದರೆ ಹುರುಳಿಕಾಯಿಯನ್ನೂ ಸೊಪ್ಪನ್ನೂ ಹಂದಿಮಾಂಸದ ತುಂಡು ಹಾಕಿ ಬೇಯಿಸುವುದು ದಕ್ಷಿಣದ ಈ ರಾಜ್ಯಗಳ ಹಳೆಯ ರೂಢಿ. ಕೇಳಿಯೇ ತಿನ್ನಬೇಕು. ಚೀಸ್ ಹಾಕಿದ ಮೆಕರೋನಿಯೂ ಅಲ್ಲಿ ತರಕಾರಿಗಳ ಪಟ್ಟಿಯಲ್ಲೇ ಇರುತ್ತದೆ ಎಂಬುದು ಮಕ್ಕಳ ಪುಣ್ಯ. ಹಿರಿಯರಿದ್ದರೆ ಪುಳಿಯೋಗರೆಯ ಡಬ್ಬಿಯೊಂದು ಕಾರಿನಲ್ಲಿರಲಿ.

ಊಟದ ನಂತರ ರೈಮನ್ ಸಭಾಂಗಣ. ಟಾಮ್ ರೈಮನ್ ಎಂಬಾತ ನದಿಯ ಹಡಗುಗಳ ಮಾಲೀಕ. 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಧರ್ಮಬೋಧಕನ ಡೇರೆಯ ಸಭೆಗೆ ಹೋಗಿ ಮನಸ್ಸು ಪರಿವರ್ತನೆಯಾಗಿ, ಆತನ ಉಪದೇಶಕ್ಕೆ ತಕ್ಕ ಪ್ರಾರ್ಥನಾಮಂದಿರವೊಂದು ಬೇಕೆಂದು ಹಣ ಕೂಡಿಸಿ ಕಟ್ಟಿಸಿದ, 1892ರಲ್ಲಿ ಪೂರ್ಣಗೊಂಡ ಕಟ್ಟಡವಿದು. ಇಟ್ಟಿಗೆಯ ಗೋಡೆ, ಬಣ್ಣದ ಗಾಜಿನ ಕಿಟಕಿ, ಚರ್ಚಿನ ಮರದ ಬೆಂಚುಗಳು ಇವತ್ತಿಗೂ ಹಾಗೆಯೇ ಇವೆ. ಸಾಲ ತೀರಿಸಲು ಇದನ್ನು ನಾಟಕ, ಸಂಗೀತ, ಭಾಷಣಗಳಿಗೆ ಬಾಡಿಗೆಗೆ ಕೊಡಬೇಕಾಯಿತು. 1943ರಿಂದ 1974ರವರೆಗೆ ಆಪ್ರಿ ಇಲ್ಲಿಂದಲೇ ಪ್ರಸಾರವಾಯಿತು. 1945ರ ಡಿಸೆಂಬರ್‌ನಲ್ಲಿ ಬಿಲ್ ಮನ್ರೋ ಅವರ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಬಂದು ಮೂರು ಬೆರಳುಗಳಲ್ಲಿ ಬ್ಯಾಂಜೊ ನುಡಿಸಿದ್ದು ಈ ವೇದಿಕೆಯ ಮೇಲೆ. ಪಿಟೀಲು, ಬ್ಯಾಂಜೊಗಳನ್ನು ವೇಗವಾಗಿ ನುಡಿಸುವ ಬ್ಲೂಗ್ರಾಸ್ ಎಂಬ ಕಂಟ್ರಿ ಶೈಲಿ ರೂಪುಗೊಂಡದ್ದನ್ನು ಬಹಳಷ್ಟು ಜನ ಅಲ್ಲಿಂದ ಲೆಕ್ಕ ಹಾಕುತ್ತಾರೆ. ಹವಾನಿಯಂತ್ರಣವಿರಲಿಲ್ಲ, ಕಲಾವಿದರಿಗೆ ಬಟ್ಟೆ ಬದಲಿಸಲು ಸರಿಯಾದ ಕೋಣೆಗಳೂ ಇರಲಿಲ್ಲ. ಆಪ್ರಿ ಹೊರಟುಹೋದ ಮೇಲೆ ಇದನ್ನು ಕೆಡವಿಬಿಡುವ ಮಾತೂ ನಡೆಯಿತು. ಉಳಿದು, ದುರಸ್ತಿಯಾಗಿ, 1994ರಲ್ಲಿ ಮತ್ತೆ ತೆರೆಯಿತು.

ಎಲ್ಲರೂ ವೇದಿಕೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಿ, ಆದರೆ ಡಿಫೋರ್ಡ್ ಬೇಲಿಯವರ ಹೆಸರನ್ನೂ ಮಕ್ಕಳಿಗೆ ಹೇಳಿ. ಮೌತ್ ಆರ್ಗನ್‌ನಲ್ಲಿ ರೈಲಿನ ಸದ್ದನ್ನು ಹೊರಡಿಸಬಲ್ಲವರಾಗಿದ್ದ ಈ ಕಪ್ಪು ಕಲಾವಿದರು ಆಪ್ರಿಯ ಮೊದಲ ತಾರೆಯರಲ್ಲೊಬ್ಬರು. 1927ರಲ್ಲಿ ಕಾರ್ಯಕ್ರಮಕ್ಕೆ ಈಗಿನ ಹೆಸರು ಬಂದ ರಾತ್ರಿಯೂ ಅವರು ನುಡಿಸಿದ್ದರು. 1941ರಲ್ಲಿ ಅವರನ್ನು ಕೈಬಿಡಲಾಯಿತು. ಆಮೇಲೆ ಅವರು ಇದೇ ಊರಿನಲ್ಲಿ ಬೂಟು ಪಾಲಿಶ್ ಅಂಗಡಿ ನಡೆಸಿ ಬದುಕಿದರು, 1982ರಲ್ಲಿ ತೀರಿಕೊಂಡರು, ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2005ರಲ್ಲಿ. ರೈಮನ್‌ಗೆ ಹತ್ತಿರದಲ್ಲೇ, 2021ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಸಂಗೀತದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಹದಿಹರೆಯದ ಮಕ್ಕಳಿದ್ದು, ಕಂಟ್ರಿಗಿಂತ ಹಿಪ್‌ಹಾಪ್ ಮೇಲೆ ಅವರಿಗೆ ಒಲವಿದ್ದರೆ, ಬೆಳಗಿನ ವಸ್ತುಸಂಗ್ರಹಾಲಯದ ಬದಲು ಇದನ್ನೇ ಆಯ್ದುಕೊಳ್ಳಬಹುದು, ನಷ್ಟವೇನೂ ಇಲ್ಲ.

ಬ್ರಾಡ್‌ವೇ ಬಗ್ಗೆ ನಾನು ಕಟುವಾಗಿ ಮಾತನಾಡುತ್ತೇನೆಂದು ಸ್ನೇಹಿತರು ದೂರುವುದುಂಟು. ರೈಮನ್‌ನ ಹಿಂದಿನ ಓಣಿಯನ್ನು ದಾಟಿದರೆ ನೇರಳೆ ಬಣ್ಣದ ಟೂಟ್ಸೀಸ್ ಬಾರು. ಆಪ್ರಿಯ ಕಲಾವಿದರು ಬಿಡುವಿನಲ್ಲಿ ಹಿಂಬಾಗಿಲಿನಿಂದ ಹೋಗಿ ಗಂಟಲು ತೇವ ಮಾಡಿಕೊಳ್ಳುತ್ತಿದ್ದ ಜಾಗ. ಅಲ್ಲಿಂದ ನದಿಯ ಕಡೆಗೆ ಸಾಲುಸಾಲಾಗಿ, ಹಾಡುಗಾರಿಕೆಯಿರುವ ಬಾರುಗಳಾದ ಹಾಂಕಿಟಾಂಕ್‌ಗಳು, ಬೆಳಗಿನಿಂದಲೇ ಒಂದೊಂದರಲ್ಲೂ ಒಂದೊಂದು ತಂಡದ ಗಾಯನ. ಒಳಗೆ ಹೋಗಲು ಹೆಚ್ಚಿನ ಕಡೆ ಶುಲ್ಕವಿಲ್ಲ. ಹಾಡುವವರ ಸಂಪಾದನೆಯ ದೊಡ್ಡ ಪಾಲು ಕೇಳುಗರು ಬಕೆಟ್ಟಿಗೆ ಹಾಕುವ ಟಿಪ್ಸ್, ಆದ್ದರಿಂದ ಎರಡು ಹಾಡು ಕೇಳಿ ಎದ್ದು ಬರುವಾಗ ಕೈ ಬಿಗಿ ಹಿಡಿಯಬಾರದು. ಮಧ್ಯಾಹ್ನ ಕೆಲವು ಕಡೆ ಮಕ್ಕಳನ್ನೂ ಬಿಡುತ್ತಾರೆ, ಸಂಜೆಯಾದ ಮೇಲೆ 21 ತುಂಬದವರಿಗೆ ಪ್ರವೇಶವಿರುವುದಿಲ್ಲ. ಸಂಜೆಯ ಬ್ರಾಡ್‌ವೇ ಎಂದರೆ ಮದುವೆಗೆ ಮುಂಚಿನ ಮೋಜಿಗೆ ಬಂದ ಗುಂಪುಗಳು, ಕೂಗಾಟದ ತೆರೆದ ವಾಹನಗಳು, ಒಂದರ ಮೇಲೊಂದು ಬೀಳುವ ಧ್ವನಿವರ್ಧಕಗಳು. ಅಲ್ಲಿ ಹೊರಗೆ ನಿಂತವರಿಗೆ ಯಾವ ಹಾಡೂ ಕೇಳಿಸುವುದಿಲ್ಲ. ಅರ್ಧ ಗಂಟೆ ನಡೆದು, ಕಂಬರ್ಲ್ಯಾಂಡ್ ನದಿಯ ಮೇಲಿನ ಪಾದಚಾರಿ ಸೇತುವೆಯವರೆಗೆ ಹೋಗಿ ಊರನ್ನು ಒಮ್ಮೆ ನೋಡಿ, ಮಧ್ಯಾಹ್ನವೇ ಮುಗಿಸಿಬಿಡುವುದು ಒಳ್ಳೆಯದು. ಸೆಂಟೆನಿಯಲ್ ಉದ್ಯಾನದಲ್ಲಿರುವ, ಅಥೆನ್ಸ್‌ನ ಪಾರ್ಥೆನಾನ್‌ನ ಅದೇ ಅಳತೆಯ ಪ್ರತಿಕೃತಿಯನ್ನು ಬಿಡಬೇಕೇ ಎಂದು ಕೇಳುವವರಿದ್ದಾರೆ. ಬಿಡಿ, ಒಂದು ದಿನಕ್ಕೆ ಅದು ಸೇರುವುದಿಲ್ಲ.

ರಾತ್ರಿಗೆ ಆಪ್ರಿಯ ಟಿಕೆಟನ್ನು ಮುಂಚಿತವಾಗಿಯೇ ಕೊಂಡಿರಬೇಕು, ಇಡೀ ದಿನದ ಯೋಜನೆಯನ್ನು ಅದರ ಸುತ್ತಲೇ ಕಟ್ಟಬೇಕು. ವಾರದಲ್ಲಿ ಕೆಲವೇ ದಿನ ಕಾರ್ಯಕ್ರಮವಿರುತ್ತದೆ, ಶನಿವಾರ ಹೋಗುವುದು ಕ್ಷೇಮ. ಸುಮಾರು 4,400 ಜನ ಕೂರಬಹುದಾದ ಆಪ್ರಿ ಹೌಸ್ ಇರುವುದು ಊರ ನಡುವಿನಲ್ಲಲ್ಲ, ಹತ್ತು ಮೈಲಿಯಷ್ಟು ದೂರದಲ್ಲಿ; 1974ರಲ್ಲಿ ಅಲ್ಲಿಗೆ ಸ್ಥಳಾಂತರವಾದಾಗ ರೈಮನ್‌ನ ವೇದಿಕೆಯಿಂದ ಮರದ ಹಲಗೆಗಳನ್ನು ದುಂಡಗೆ ಕತ್ತರಿಸಿ ತಂದು ಹೊಸ ವೇದಿಕೆಯ ನಡುವೆ ಕೂರಿಸಿದರು, ಮುಖ್ಯ ಗಾಯಕರು ನಿಂತು ಹಾಡುವುದು ಆ ವೃತ್ತದ ಮೇಲೆ. 2010ರ ಪ್ರವಾಹದಲ್ಲಿ ವೇದಿಕೆ ನೀರಿನಲ್ಲಿ ಮುಳುಗಿದರೂ ಹಲಗೆಗಳು ಉಳಿದವು. ಕಂಟ್ರಿ ಗೊತ್ತಿಲ್ಲದವರಿಗೂ ಮಕ್ಕಳಿಗೂ ಆಪ್ರಿಯೇ ಸರಿ ಎನ್ನಲು ನನ್ನ ಕಾರಣ ಸರಳ: ಅದು ಒಬ್ಬರ ಕಛೇರಿಯಲ್ಲ. ಎರಡು ಗಂಟೆಗಳಲ್ಲಿ ಹಲವರು ಬಂದು ಎರಡು ಮೂರು ಹಾಡು ಹಾಡಿ ಹೋಗುತ್ತಾರೆ, 80ರ ಹಿರಿಯರ ಹಿಂದೆಯೇ 20ರ ಹೊಸಬರು, ನಡುವೆ ಹಾಸ್ಯಗಾರ, ಕೆಲವೊಮ್ಮೆ ಕುಣಿತ. ವೇದಿಕೆಯ ಬದಿಯಲ್ಲಿ ನಿಂತ ನಿರೂಪಕ ರೇಡಿಯೊ ಕೇಳುಗರಿಗಾಗಿ ಜಾಹೀರಾತನ್ನು ನಮ್ಮೆದುರೇ ಓದುತ್ತಾನೆ. ಬೆಳಿಗ್ಗೆಯಿಂದ ಗೋಡೆಗಳ ಮೇಲೆ ಓದಿದ ಚರಿತ್ರೆಯು ಕೆಲಸ ಮಾಡುತ್ತಿರುವುದನ್ನು ಮಕ್ಕಳು ಕಣ್ಣಾರೆ ಕಾಣುವುದು ಆ ಜಾಹೀರಾತಿನಲ್ಲಿಯೇ ಹೊರತು ವಸ್ತುಸಂಗ್ರಹಾಲಯದಲ್ಲಲ್ಲ.

ಕೊನೆಯದಾಗಿ ಗಡಿಯಾರದ ವಿಷಯ, ಏಕೆಂದರೆ ಅಟ್ಲಾಂಟಾದಿಂದ ಹೊರಡುವವರು ಎಡವುವುದು ಇಲ್ಲಿಯೇ. ದಾರಿ ಸುಮಾರು 250 ಮೈಲಿ, ನಾಲ್ಕು ಗಂಟೆಯ ಪಯಣ. ಚಟನೂಗಾ ದಾಟಿದ ಸ್ವಲ್ಪ ಹೊತ್ತಿಗೆ ಕಾಲವಲಯ ಬದಲಾಗಿ ನಿಮಗೆ ಒಂದು ಗಂಟೆ ಲಾಭವಾಗುತ್ತದೆ. ಬೆಳಿಗ್ಗೆ 5ಕ್ಕೆ ಹೊರಟರೆ ಅಲ್ಲಿನ 8ಕ್ಕೆ ಊರೊಳಗೆ ಇರಬಹುದು. ಮರಳುವಾಗ ಆ ಗಂಟೆಯನ್ನು ಹಿಂದಿರುಗಿಸಬೇಕು, ಮಂಟೀಗಲ್ ಘಟ್ಟದ ಇಳಿಜಾರಿನಲ್ಲಿ ಲಾರಿಗಳ ನಡುವೆ ನಿದ್ದೆಗಣ್ಣಿನಲ್ಲಿ ಇಳಿಯಬೇಕು. ಆಪ್ರಿ ಮುಗಿಸಿ ನೇರ ಮನೆಗೆ ಹೊರಡುವ ಸಾಹಸ ಬೇಡ. ಮೂವತ್ತು ಮೈಲಿ ಬಂದರೆ ಮರ್ಫ್ರೀಸ್‌ಬರೊ ಸಿಗುತ್ತದೆ, ಅಲ್ಲಿನ ಕೋಣೆಗಳು ನ್ಯಾಶ್‌ವಿಲ್‌ನ ನಡುವಿನ ಹೋಟೆಲುಗಳಿಗಿಂತ ಅಗ್ಗ, ಕಾರು ನಿಲ್ಲಿಸಲು ಬೇರೆ ಹಣ ಕೇಳುವುದೂ ಅಪರೂಪ.