ಯಾರ ಎಡ?

ಅಮೆರಿಕದ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ಕಚೇರಿಯಲ್ಲಿ ನಾನು ಎರಡು ವರ್ಷ ನಾಲ್ಕು ತಿಂಗಳು ಕೆಲಸ ಮಾಡಿದೆ. ಮೊದಲ ದಿನ ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲುಗಳ ಮೇಲಿದ್ದ ಹೆಸರಿನ ಫಲಕಗಳು. ಒಂದಕ್ಕೂ ಸ್ಕ್ರೂ ಇರಲಿಲ್ಲ. ಅಲ್ಯೂಮಿನಿಯಂ ಚೌಕಟ್ಟಿನೊಳಗೆ ಪಕ್ಕದಿಂದ ಜಾರಿಸಿ ಹಾಕುವ ಪ್ಲಾಸ್ಟಿಕ್ ತುಂಡುಗಳು. ಕಟ್ಟಡಕ್ಕೆ ಅಷ್ಟು ದುಡ್ಡು ಸುರಿದಿದ್ದಾರೆ, ಹೆಸರಿಗೆ ಎರಡು ಸ್ಕ್ರೂ ಹಾಕೋಕೆ ಆಗಲಿಲ್ವಾ ಅಂದುಕೊಂಡೆ. ಅದ್ಯಾಕೆ ಹಾಗೆ ಅಂತ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ನಾನು ಹಾಸನದವನು. 2017ರ ಆಗಸ್ಟ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂಎಸ್ ಮಾಡಲು ಹೋದೆ. ಎಫ್-1 ವೀಸಾದವರು ಕಾಲೇಜು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹಾಸ್ಟೆಲ್ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ ಇತ್ತು, ಫುಟ್‌ಬಾಲ್ ತಂಡದ ವಿಡಿಯೊ ಕೋಣೆಯಲ್ಲೂ ಒಂದು ಕೆಲಸ ಇತ್ತು. ಎರಡಕ್ಕೂ ಸಂಬಳ ಹೆಚ್ಚುಕಮ್ಮಿ ಒಂದೇ. ವಿಡಿಯೊ ಕೋಣೆಯಲ್ಲಿ ಕೈ ಒದ್ದೆಯಾಗುವುದಿಲ್ಲ ಅನ್ನೋ ಒಂದೇ ಕಾರಣಕ್ಕೆ ಅಲ್ಲಿಗೆ ಹೋದೆ.

ಅಮ್ಮನಿಗೆ ಫೋನಲ್ಲಿ ವಿವರಿಸಿದೆ. "ಕಾಲಲ್ಲಿ ಒದೆಯೋದು ಅಪರೂಪ ಅಂತೀಯ, ಕೈಯಲ್ಲಿ ಹಿಡ್ಕೊಂಡು ಓಡ್ತಾರೆ ಅಂತೀಯ. ಮತ್ತೆ ಅದ್ಯಾಕೋ ಫುಟ್‌ಬಾಲು?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಕೆಲಸ ಇಷ್ಟೇ. ಅಭ್ಯಾಸ ಮತ್ತು ಪಂದ್ಯಗಳ ವಿಡಿಯೊ ತೆಗೆಯುವುದು. ಒಂದು ಕ್ಯಾಮೆರಾ ಮೈದಾನದ ಪಕ್ಕದಿಂದ, ಇನ್ನೊಂದು ತುದಿಯಿಂದ. ಆಮೇಲೆ ಪ್ರತಿ ಪ್ಲೇಯನ್ನೂ, ಅಂದರೆ ಬಾಲ್ ಆಟಕ್ಕೆ ಬಂದು ನಿಲ್ಲುವವರೆಗಿನ ಒಂದೊಂದು ತುಣುಕನ್ನೂ ಕತ್ತರಿಸಿ, ಅದರ ಮುಂದೆ ಮಾಹಿತಿ ತುಂಬುವುದು: ಎಷ್ಟನೇ ಡೌನ್ (ಮುಂದೆ ಹೋಗಲು ಎಷ್ಟನೇ ಪ್ರಯತ್ನ), ಎಷ್ಟು ಗಜ ಬೇಕು, ಬಾಲ್ ಎಲ್ಲಿದೆ, ಯಾರು ಹೇಗೆ ನಿಂತಿದ್ದಾರೆ. ಇದಕ್ಕೆ ಟ್ಯಾಗಿಂಗ್ ಅಂತಾರೆ. ಮುಂದಿನ ಶನಿವಾರದ ಎದುರಾಳಿಯ ಹಳೆಯ ಪಂದ್ಯಗಳನ್ನೆಲ್ಲ ಹೀಗೆ ಬಿಡಿಸಿಟ್ಟರೆ ಕೋಚ್‌ಗಳು ಅದನ್ನು ನೋಡಿ ಯೋಜನೆ ಹಾಕುತ್ತಾರೆ.

ಟಿವಿಯಲ್ಲಿ ಕಾಣುವುದು ಹೆಡ್ ಕೋಚ್ ಒಬ್ಬರೇ. ಅವರ ಕೆಳಗೆ ಆಗ 9 ಜನ ಸಹಾಯಕ ಕೋಚ್‌ಗಳು. 2018ರ ಜನವರಿಯಿಂದ ಹತ್ತನೆಯವರಿಗೂ ಅವಕಾಶ ಸಿಕ್ಕಿತು. ಒಬ್ಬರು ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳಿಗೆ, ಒಬ್ಬರು ಅದನ್ನು ಹಿಡಿಯುವ ರಿಸೀವರ್‌ಗಳಿಗೆ, ಒಬ್ಬರು ರಕ್ಷಣೆಯ ಲೈನ್‌ಬ್ಯಾಕರ್‌ಗಳಿಗೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಗುಂಪು. ಅವರಲ್ಲೇ ಇಬ್ಬರು ಕೋಆರ್ಡಿನೇಟರ್‌ಗಳು, ದಾಳಿಗೊಬ್ಬರು, ರಕ್ಷಣೆಗೊಬ್ಬರು. ಎಲ್ಲರಿಗಿಂತ ಕೆಳಗೆ ಗ್ರ್ಯಾಜುಯೇಟ್ ಅಸಿಸ್ಟೆಂಟ್, ಅಂದರೆ ಜಿಎ. ಅವನಿಗೆ ಓದಿನ ಫೀಸು ಮಾಫಿ, ಕೈಗೆ ಒಂದಿಷ್ಟು ಖರ್ಚಿನ ಕಾಸು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮೇಲಿನವರ ಸಂಬಳ ಕೇಳಿದರೆ ತಲೆ ತಿರುಗುತ್ತದೆ. 2018ರಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ (ಎಲ್‌ಎಸ್‌ಯು) ತನ್ನ ಡಿಫೆನ್ಸಿವ್ ಕೋಆರ್ಡಿನೇಟರ್‌ಗೆ ವರ್ಷಕ್ಕೆ 25 ಲಕ್ಷ ಡಾಲರ್ ಕೊಡಲು ಒಪ್ಪಿತು. ಒಂದೇ ಊಟದ ಮೇಜಿನಲ್ಲಿ ಆ ಥರದ ಸಂಬಳದವರೂ, ಮಿಕ್ಕ ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋಗುವ ಜಿಎ ಕೂಡ ಇರುತ್ತಾರೆ.

ನನಗೆ ಸಿಕ್ಕವರು ಆಫೆನ್ಸಿವ್ ಲೈನ್ ಕೋಚ್. ಬಾಲ್ ಹಿಡಿದವನನ್ನು ಕಾಯುವ ಐದು ಜನ ದಪ್ಪ ಹುಡುಗರ ಸಾಲಿದೆಯಲ್ಲ, ಅದರ ಮೇಷ್ಟ್ರು. ಐವತ್ತು ದಾಟಿದ ಮನುಷ್ಯ. ಆರು ಕಾಲೇಜು ಸುತ್ತಿ ಬಂದಿದ್ದರು. ಮಗಳು ಹತ್ತನೇ ತರಗತಿಗೆ ಬರುವಷ್ಟರಲ್ಲಿ ನಾಲ್ಕು ಸ್ಕೂಲು ನೋಡಿದ್ದಳಂತೆ. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯದೆ "ಕೋಚ್" ಅನ್ನುತ್ತಿದ್ದರು. ನಮ್ಮಲ್ಲಿ "ಸಾರ್" ಅಂದ ಹಾಗೆ. ನನಗೆ ಅದು ಒಂದೇ ದಿನದಲ್ಲಿ ರೂಢಿಯಾಯಿತು. ನನ್ನ ಹೆಸರು ಮಾತ್ರ ಅವರ ನಾಲಿಗೆಗೆ ಹತ್ತಲಿಲ್ಲ, "ಸ್ಟ್ಯಾಟ್ಸ್" ಅಂತ ಕರೆದರು.

ಒಂದು ತಮಾಷೆ ನೋಡಿ. ಆಟಗಾರರಿಗೂ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಯ ಮಿತಿ ಇತ್ತು. ಅಭ್ಯಾಸ, ಮೀಟಿಂಗು, ಜಿಮ್ಮು ಎಲ್ಲ ಸೇರಿ ಅಷ್ಟೇ. ನನಗೆ ವೀಸಾದ 20, ಅವರಿಗೆ ನಿಯಮದ 20. ಕೋಚ್‌ಗೆ ಮಾತ್ರ ಯಾವ ಮಿತಿಯೂ ಇಲ್ಲ. ಭಾನುವಾರ ಬೆಳಗ್ಗೆ ಹಿಂದಿನ ದಿನದ ಪಂದ್ಯ ನೋಡಿ, ಮಧ್ಯಾಹ್ನದಿಂದ ಮುಂದಿನ ಎದುರಾಳಿ. ಮಂಗಳವಾರ, ಬುಧವಾರ ಭಾರಿ ಅಭ್ಯಾಸ. ನಡುವೆ ಹೈಸ್ಕೂಲ್ ಹುಡುಗರ ಅಪ್ಪ ಅಮ್ಮಂದಿರಿಗೆ ಫೋನು. ನಮ್ಮ ಕಾಲೇಜಿಗೇ ಕಳಿಸಿ ಅಂತ ಒಲಿಸುವುದು ಅವರ ಅರ್ಧ ನೌಕರಿ. ಅವರ ಕೋಣೆಯ ಸೋಫಾ ಮೇಲೆ ಯಾವಾಗಲೂ ಒಂದು ದಿಂಬು, ಮಡಚಿದ ಕಂಬಳಿ ಇರುತ್ತಿತ್ತು.

ಈಗ ನಾನು ಮಾಡಿದ ಎಡವಟ್ಟಿನ ಕಥೆ. 2018ರ ಸೀಸನ್, ಐದನೇ ವಾರ.

ಮೈದಾನದ ಅಗಲ 160 ಅಡಿ. ಎರಡೂ ಬದಿಯ ಗೆರೆಯಿಂದ 60 ಅಡಿ ಒಳಗೆ ಒಂದೊಂದು ಸಾಲು ಚಿಕ್ಕ ಗೀಟುಗಳಿರುತ್ತವೆ. ಅದೇ ಹ್ಯಾಶ್. ಪ್ರತಿ ಪ್ಲೇ ಶುರುವಾಗುವುದು ಆ ಹ್ಯಾಶ್ ಮೇಲಿಂದ ಅಥವಾ ಅವೆರಡರ ನಡುವಿಂದ. ಬಾಲ್ ಒಂದು ಹ್ಯಾಶ್ ಮೇಲಿದ್ದರೆ ಒಂದು ಕಡೆ 60 ಅಡಿ ಜಾಗ, ಇನ್ನೊಂದು ಕಡೆ 100 ಅಡಿ. ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹ್ಯಾಶ್‌ಗಳು ಹತ್ತಿರ ಇರುವುದರಿಂದ ಈ ವ್ಯತ್ಯಾಸ ಅಷ್ಟು ಕಾಡುವುದಿಲ್ಲ. ಕಾಲೇಜು ಆಟದಲ್ಲಿ ಮಾತ್ರ ಅರ್ಧ ಲೆಕ್ಕಾಚಾರ ಇದರ ಮೇಲೆಯೇ. ನಾಲ್ಕು ಡೌನ್‌ನಲ್ಲಿ 10 ಗಜ ಮುಂದೆ ಹೋಗಬೇಕು. ಮೂರನೇ ಡೌನ್ ಬಂದು ಇನ್ನೂ ಏಳೆಂಟು ಗಜ ಬೇಕು ಅಂದರೆ ಬಾಲ್ ಎಸೆಯುತ್ತಾರೆ ಅಂತ ಎದುರಾಳಿಗೂ ಗೊತ್ತು. ಆಗ ಅವರು ಹೆಚ್ಚಿಗೆ ಒಬ್ಬಿಬ್ಬರನ್ನು ನುಗ್ಗಿಸುತ್ತಾರೆ. ಯಾವ ಕಡೆಯಿಂದ ನುಗ್ಗುತ್ತಾರೆ, ಅಗಲದ ಕಡೆಯಿಂದಲೋ ಕಿರಿದಾದ ಕಡೆಯಿಂದಲೋ? ಕೋಚ್‌ಗೆ ಬೇಕಿದ್ದದ್ದು ಇದೊಂದೇ ಉತ್ತರ.

ನಾನು ಕೂತು ಟ್ಯಾಗ್ ಮಾಡಿ, ಚಂದದ ಚಾರ್ಟ್ ಮಾಡಿ, ಅಗಲದ ಕಡೆಯಿಂದ ಅಂತ ಕೊಟ್ಟೆ. ಜಿಎ ಹುಡುಗ ಅದನ್ನು ನೋಡಿ ರಾತ್ರಿಯೆಲ್ಲ ಮಾರ್ಕರ್‌ನಲ್ಲಿ ಕಾರ್ಡ್ ಬರೆದ. ಎರಡನೇ ಸಾಲಿನ ಆಟಗಾರರು ಆ ಕಾರ್ಡ್ ನೋಡಿಕೊಂಡು ಎದುರಾಳಿಯ ಹಾಗೆ ಆಡಿ ತೋರಿಸುತ್ತಾರೆ. ಮಂಗಳವಾರ ಮಧ್ಯಾಹ್ನ ಇಡೀ ಅಭ್ಯಾಸ ಆ ಕಾರ್ಡ್‌ಗಳ ಮೇಲೆ ನಡೆಯಿತು.

ಅವತ್ತು ರಾತ್ರಿ ಒಂಬತ್ತೂವರೆಗೆ ಕೋಚ್ ಕರೆದರು. ಕತ್ತಲೆ ಕೋಣೆ, ಗೋಡೆ ಮೇಲೆ ಪ್ರೊಜೆಕ್ಟರ್ ಬೆಳಕು. ಒಂದು ಪ್ಲೇ ನಿಲ್ಲಿಸಿಟ್ಟಿದ್ದರು.

"ಬಾಲ್ ಯಾವ ಹ್ಯಾಶ್ ಮೇಲಿದೆ?"

"ಎಡ, ಕೋಚ್."

"ಯಾರ ಎಡ?"

ಬಾಯಿ ತೆರೆದೆ, ಮಾತು ಬರಲಿಲ್ಲ. ಹ್ಯಾಶ್‌ನ ಎಡ ಬಲ ಲೆಕ್ಕ ಹಾಕುವುದು ಬಾಲ್ ಇಟ್ಟುಕೊಂಡ ತಂಡದ ಕಣ್ಣಿಂದ. ಒಂದನೇ ಕ್ವಾರ್ಟರ್‌ನಲ್ಲಿ ಆ ತಂಡ ಪರದೆಯ ಮೇಲೆ ಬಲಕ್ಕೆ ಹೋಗುತ್ತಿತ್ತು. ಕ್ಯಾಮೆರಾದಿಂದ ದೂರ ಇರುವುದು ಅವರ ಎಡ. ಎರಡನೇ ಕ್ವಾರ್ಟರ್‌ಗೆ ತಂಡಗಳು ತುದಿ ಬದಲಾಯಿಸುತ್ತವೆ. ಆಗ ದೂರದ್ದು ಅವರ ಬಲ. ನಾನು ಮಾತ್ರ ಮೂರು ಪಂದ್ಯಗಳಲ್ಲೂ ದೂರ ಇದ್ದದ್ದಕ್ಕೆಲ್ಲ ಕಣ್ಣುಮುಚ್ಚಿ ಎಡ ಅಂತ ಹಾಕಿಕೊಂಡು ಹೋಗಿದ್ದೆ. ಅರ್ಧದಷ್ಟು ಪ್ಲೇಗಳು ತಲೆಕೆಳಗು. ಸರಿ ಮಾಡಿ ನೋಡಿದರೆ ಅವರು ಜಾಸ್ತಿ ನುಗ್ಗುತ್ತಿದ್ದದ್ದು ಕಿರಿದಾದ ಕಡೆಯಿಂದ.

ಕೋಚ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ರಿಮೋಟ್ ನನ್ನ ಕೈಗೆ ಕೊಟ್ಟು, "ನಾನಿಲ್ಲೇ ಕೂತಿರ್ತೀನಿ, ನೀನು ಒಂದೊಂದೇ ಹೇಳ್ತಾ ಹೋಗು" ಅಂದರು. ರಾತ್ರಿ ಒಂದು ಗಂಟೆವರೆಗೆ ಹೇಳಿದೆ. ಆ ವಾರದ ನನ್ನ 20 ಗಂಟೆಯನ್ನು ಅವರೇ ಲೆಕ್ಕ ಇಟ್ಟಿದ್ದರು, ಗುರುವಾರ ಶುಕ್ರವಾರ ಬರಬೇಡ ಅಂದರು.

ಬುಧವಾರ ಬೆಳಗಿನ ಮೀಟಿಂಗ್‌ನಲ್ಲಿ ನಾನು ಗೋಡೆಗೆ ಒರಗಿ ನಿಂತಿದ್ದೆ. ಕೋಚ್ ಎದ್ದು, "ನಿನ್ನೆ ನಾನು ಹುಡುಗರಿಗೆ ತಪ್ಪು ಕಲಿಸಿದೆ. ಇವತ್ತು ಹತ್ತು ನಿಮಿಷ ಜಾಸ್ತಿ ಬೇಕು" ಅಂದರು. ಅವರಿಗಿಂತ ಹದಿನೈದು ವರ್ಷ ಚಿಕ್ಕವನಾದ ಕೋಆರ್ಡಿನೇಟರ್ ಎಲ್ಲರ ಮುಂದೆ ಚೆನ್ನಾಗಿ ಝಾಡಿಸಿದ. ಒಂದು ಅಭ್ಯಾಸ ಹಾಳು ಅಂದರೆ ಆ 20 ಗಂಟೆಯಲ್ಲಿ ಎರಡು ಗಂಟೆ ಹಾಳು, ಸಿಟ್ಟು ಬರದೆ ಇರುತ್ತಾ? ಕೋಚ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಜಿಎ ಕಡೆಗೂ ನೋಡಲಿಲ್ಲ. ಆ ಶನಿವಾರ ನಾವು ಸೋತೆವು, ಬೇರೆ ಕಾರಣಕ್ಕೆ.

2019ರ ನವೆಂಬರ್ ಕೊನೆಯ ಭಾನುವಾರ ಹೆಡ್ ಕೋಚ್‌ನ ತೆಗೆದರು. ನಾನು ಮೇನಲ್ಲಿ ಓದು ಮುಗಿಸಿ ಅಲ್ಲೇ ಅನಲಿಸ್ಟ್ ಆಗಿದ್ದೆ. ಸುದ್ದಿ ನಮಗೆ ಸಿಕ್ಕಿದ್ದು ಟ್ವಿಟ್ಟರ್‌ನಲ್ಲಿ, ಮೀಟಿಂಗ್ ಆಮೇಲೆ. ಈ ಧಂದೆಯಲ್ಲಿ ಹೆಡ್ ಕೋಚ್ ಹೋದರೆ ಸಹಾಯಕರೂ ಹೋದ ಹಾಗೆಯೇ. ಹೊಸಬ ಬರುವಾಗ ತನ್ನವರನ್ನು ಕರೆತರುತ್ತಾನೆ. ನಮ್ಮ ಲೈನ್ ಆ ವರ್ಷ ಚೆನ್ನಾಗಿಯೇ ಆಡಿತ್ತು. ಅದು ಯಾರಿಗೂ ಬೇಕಿರಲಿಲ್ಲ. ವರ್ಜೀನಿಯಾ ಟೆಕ್‌ನ ಬಡ್ ಫಾಸ್ಟರ್ ಥರದವರು ಅಪರೂಪ. 1995ರಿಂದ 2019ರವರೆಗೆ ಒಂದೇ ಕಡೆ ಡಿಫೆನ್ಸಿವ್ ಕೋಆರ್ಡಿನೇಟರ್. 2015ರ ಕೊನೆಗೆ ಹೆಡ್ ಕೋಚ್ ಫ್ರ್ಯಾಂಕ್ ಬೀಮರ್ ನಿವೃತ್ತರಾದಾಗಲೂ ಹೊಸಬರು ಇವರನ್ನು ಉಳಿಸಿಕೊಂಡರು. ಮಿಕ್ಕವರ ಪಾಡು ಸೂಟ್‌ಕೇಸಿನ ಪಾಡು.

ಆ ಮಧ್ಯಾಹ್ನ ಎಲ್ಲರೂ ಬಾಗಿಲು ಹಾಕಿಕೊಂಡು ಫೋನ್‌ನಲ್ಲಿದ್ದರು. ಕೆಲಸ ಹುಡುಕುತ್ತಿದ್ದರು, ತಪ್ಪೇನಿಲ್ಲ. ನಮ್ಮ ಕೋಚ್ ವಿಡಿಯೊ ಕೋಣೆಗೆ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. ಅವರ ಗುಂಪಿನ ಹದಿನಾರು ಹುಡುಗರಿಗೂ ಒಬ್ಬೊಬ್ಬರಿಗೆ 20 ಪ್ಲೇ ಆರಿಸಿ ಒಂದೊಂದು ವಿಡಿಯೊ ಮಾಡಬೇಕಂತೆ. ಕೆಲವರು ಬೇರೆ ಕಾಲೇಜಿಗೆ ಹೋಗಬಹುದು, ಉಳಿದವರು ಹೊಸ ಕೋಚ್‌ಗೆ ತೋರಿಸಬಹುದು. ಒಂದು ಪಂದ್ಯವನ್ನೂ ಆಡದ ಹುಡುಗನಿಗೆ ಅಭ್ಯಾಸದ ವಿಡಿಯೊದಿಂದ ಹುಡುಕಿ ಹುಡುಕಿ ಇಪ್ಪತ್ತು ತೆಗೆದರು. "ಇದರಲ್ಲಿ ಅವನ ಕಾಲು ನೋಡು, ಎಷ್ಟು ಸರಿಯಾಗಿ ಇಟ್ಟಿದ್ದಾನೆ" ಅಂತ ಹೆಮ್ಮೆ ಬೇರೆ. ಮಧ್ಯೆ ಎರಡು ಸಲ ಎದ್ದು ಹೊರಗೆ ಹೋಗಿ ಫೋನ್ ಮಾಡಿದರು. ತಮಗಾಗಿ ಅಂದುಕೊಂಡೆ. ಒಂದು ಜಿಎಗಾಗಿ, ಇನ್ನೊಂದು ನನಗಾಗಿ.

ನನ್ನ ಕಥೆ ಇನ್ನೂ ಗಂಭೀರವಾಗಿತ್ತು. ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ಸಿಗುವ ಅನುಮತಿಗೆ ಒಪಿಟಿ ಅಂತಾರೆ, ಅದರಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಅರವತ್ತೊಂದನೇ ದಿನ ನನಗೆ ಕ್ರೀಡಾ ವಿಡಿಯೊ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು, ಆ ಫೋನ್‌ನಿಂದಲೇ.

ಸೋಮವಾರ ಕಟ್ಟಡದ ಮೇಂಟೆನೆನ್ಸ್‌ನವನು ಬಂದು ಹೆಸರಿನ ಫಲಕಗಳನ್ನು ಸರಸರ ಜಾರಿಸಿ ತೆಗೆದ. ಹತ್ತು ಬಾಗಿಲಿಗೆ ಐದು ನಿಮಿಷವೂ ಆಗಲಿಲ್ಲ.

ಆಮೇಲೆ ನಾನು ಈ ಜನರ ದಾರಿಗಳನ್ನು ಓದುತ್ತಾ ಹೋದೆ. ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ ನಿಕ್ ಸೇಬನ್ 1973ರಲ್ಲಿ ಕೆಂಟ್ ಸ್ಟೇಟ್‌ನಲ್ಲಿ ಜಿಎ ಆದದ್ದು ಹೆಂಡತಿಯ ಓದು ಮುಗಿಯಲು ಇನ್ನೂ ಒಂದು ವರ್ಷ ಇತ್ತು ಅಂತ. ನನಗೆ ಜಾಸ್ತಿ ಹಿಡಿಸಿದ್ದು ಡಾಬೋ ಸ್ವಿನ್ನಿ ಕಥೆ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕೋಚ್‌ಗಳ ತಂಡ ಪೂರ್ತಿ ಮನೆಗೆ ಹೋದಾಗ ಇವರಿಗೂ ಕೆಲಸ ಹೋಯಿತು. ಎರಡು ವರ್ಷ ರಿಯಲ್ ಎಸ್ಟೇಟ್ ಕಂಪನಿಯಲ್ಲಿ ದುಡಿದರು. ಸ್ವಿನ್ನಿ ಆಟಗಾರನಾಗಿದ್ದ ಕಾಲದಿಂದ ಅವರನ್ನು ಬಲ್ಲ ಟಾಮಿ ಬೌಡೆನ್ 2003ರಲ್ಲಿ ತಾವು ಹೆಡ್ ಕೋಚ್ ಆಗಿದ್ದ ಕ್ಲೆಮ್‌ಸನ್‌ಗೆ ಕರೆದರು. 2008ರಲ್ಲಿ ಅದೇ ಬೌಡೆನ್ ಸೀಸನ್ ಮಧ್ಯದಲ್ಲಿ ಹೊರನಡೆದಾಗ, ಒಂದು ದಿನವೂ ಕೋಆರ್ಡಿನೇಟರ್ ಆಗಿರದ ಸ್ವಿನ್ನಿಗೆ ತಾತ್ಕಾಲಿಕ ಹೆಡ್ ಕೋಚ್ ಪಟ್ಟ. 2016, 2018ರ ಸೀಸನ್‌ಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ. ಇಲ್ಲಿ ರೆಸ್ಯೂಮೆಗಿಂತ ಫೋನ್ ಮಾಡುವವರು ಯಾರು ಅನ್ನೋದೇ ದೊಡ್ಡದು. ಆ ಫೋನು ಮೇಲಿನವರಿಂದಲೇ ಬರಬೇಕು ಅಂತೇನಿಲ್ಲ. ನಮ್ಮ ಕೋಚ್ ಎರಡು ವರ್ಷ ಹೈಸ್ಕೂಲ್‌ನಲ್ಲಿ ಕಲಿಸಿದರು. 2022ರಲ್ಲಿ ಅವರನ್ನು ಮತ್ತೆ ಕಾಲೇಜಿಗೆ ಕರೆಸಿಕೊಂಡವನು ಅದೇ ಜಿಎ, ರಾತ್ರಿಯೆಲ್ಲ ತಪ್ಪು ಕಾರ್ಡ್ ಬರೆದವನು. ಅವನೀಗ ಒಂದು ಚಿಕ್ಕ ಕಾಲೇಜಿನ ಆಫೆನ್ಸಿವ್ ಕೋಆರ್ಡಿನೇಟರ್. ಹಳೇ ಮೇಷ್ಟ್ರು ಈಗ ಅವನ ಕೈಕೆಳಗೆ.

ನಾನು 2021ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ಈಗ ಟ್ಯಾಗಿಂಗ್ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಕಬಡ್ಡಿ, ಹಾಕಿ, ಬಂದದ್ದೆಲ್ಲ ಮಾಡುತ್ತೇವೆ. ಕೋಚ್‌ನಿಂದ ಎಲ್ಲ ಕಲಿತುಬಿಟ್ಟೆ ಅಂತ ಹೇಳಿಕೊಳ್ಳೋಕೆ ಆಗಲ್ಲ. ಮೊದಲ ವರ್ಷ ಒಂದು ವರದಿ ಕೆಟ್ಟಾಗ ಗ್ರಾಹಕರ ಕಾಲ್‌ನಲ್ಲಿ ನನ್ನ ಬಾಯಿಂದ ಬಂದ ಮೊದಲ ಮಾತು, "ಹೊಸ ಹುಡುಗ ಮಾಡಿದ್ದು ಸಾರ್." ಆ ಹುಡುಗ ಅದೇ ಕಾಲ್‌ನಲ್ಲಿ ಮ್ಯೂಟ್‌ನಲ್ಲಿ ಕೂತಿದ್ದ. ಮೂರು ತಿಂಗಳಲ್ಲಿ ಕೆಲಸ ಬಿಟ್ಟ. ಬೇರೆ ಕಾರಣ ಹೇಳಿದ.

ಹೋದ ತಿಂಗಳು ಕಬಡ್ಡಿ ಪಂದ್ಯವೊಂದರಲ್ಲಿ ಲೆಫ್ಟ್ ಕಾರ್ನರ್, ರೈಟ್ ಕಾರ್ನರ್ ಅದಲುಬದಲಾಗಿ ಬಂತು. ಹಾಫ್‌ಟೈಮ್ ಆದ ಮೇಲೆ ತಂಡಗಳು ಅಂಕಣ ಬದಲಾಯಿಸಿದ್ದವು, ಟ್ಯಾಗ್ ಬದಲಾಗಿರಲಿಲ್ಲ. ಅದನ್ನು ಮಾಡಿದವಳು ಶಿವಮೊಗ್ಗದ ಹುಡುಗಿ, ಸೇರಿ ಆರು ವಾರ ಆಗಿತ್ತು. ಗ್ರಾಹಕರಿಗೆ, "ನಾನು ಪರೀಕ್ಷಿಸದೆ ಕಳಿಸಿದೆ, ನಾಳೆ ಸರಿಯಾದದ್ದು ಕೊಡ್ತೀನಿ" ಅಂದೆ. ಬೈಸಿಕೊಂಡೆ. ಸಂಜೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಒಂದು ರೇಡ್ ನಿಲ್ಲಿಸಿ ಕೇಳಿದೆ.

"ಇವನು ಯಾವ ಕಾರ್ನರ್?"

"ಲೆಫ್ಟ್, ಸಾರ್."

"ಯಾರ ಲೆಫ್ಟ್?"

ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ "ಅಯ್ಯೋ" ಅಂತ ನಾಲಿಗೆ ಕಚ್ಚಿಕೊಂಡು, ನನ್ನ ಕೈಯಿಂದ ಮೌಸ್ ಕಿತ್ತುಕೊಂಡಳು.