ಗಿಳಿಯೊಂದು, ರಣಹದ್ದೊಂದು

ಬೆಳಗಿನಿಂದ ಎರಡು ಹಕ್ಕಿಗಳು ತಲೆಯೊಳಗೆ ಕೂತಿವೆ. ಒಂದು ನ್ಯೂಜಿಲೆಂಡಿನ ಕಾಕಪೋ, ಹಾರಲಾರದ ಇರುಳ ಗಿಳಿ. ಇನ್ನೊಂದು ಸುಮಾರು ಮೂರು ಮೀಟರ್ ರೆಕ್ಕೆ ಹರಡುವ ಕ್ಯಾಲಿಫೋರ್ನಿಯಾ ಕಾಂಡೋರ್. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲ. ಆದರೂ ಎರಡೂ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿವೆ.

ಅಪಾಯ ಕಂಡರೆ ಕಾಕಪೋ ಅಲುಗಾಡದೆ ನಿಂತುಬಿಡುತ್ತದೆ. ಕಣ್ಣಿನಿಂದ ಬೇಟೆ ಹುಡುಕುವ ಹದ್ದುಗಳ ಕಾಲಕ್ಕೆ ಅಷ್ಟು ಸಾಕಿತ್ತು. ಮನುಷ್ಯರ ಜೊತೆ ಬಂದ ಬೆಕ್ಕುಗಳು ವಾಸನೆ ಹಿಡಿದು ಬರುತ್ತವಲ್ಲ! 1995ರಲ್ಲಿ ಉಳಿದದ್ದು 51. ಬೇಟೆ ಪ್ರಾಣಿಗಳಿಲ್ಲದ ದ್ವೀಪಗಳಿಗೆ ಸಾಗಿಸಿ, ಒಂದೊಂದಕ್ಕೂ ಹೆಸರಿಟ್ಟು ಕಾದದ್ದಕ್ಕೆ ಈಗ 200 ದಾಟಿವೆ. ಅದೂ ರಿಮು ಮರ ಹೇರಳವಾಗಿ ಹಣ್ಣು ಬಿಟ್ಟ ವರ್ಷ ಮಾತ್ರ ಮರಿ ಮಾಡುವ ಹಕ್ಕಿ.

ಕಾಂಡೋರಿಗೆ ಮುಳುವಾದದ್ದು ಮುಖ್ಯವಾಗಿ ಸೀಸ. ಗುಂಡೇಟಿಗೆ ಸತ್ತ ಪ್ರಾಣಿಯನ್ನು ತಿಂದರೆ ಗುಂಡಿನ ಚೂರೂ ಹೊಟ್ಟೆ ಸೇರುತ್ತದೆ. 1987ರಲ್ಲಿ ಕಾಡಿನ ಕೊನೆಯದನ್ನೂ ಹಿಡಿದು ತಂದಾಗ ಲೋಕದಲ್ಲಿದ್ದದ್ದು 27. ಈಗ 500ಕ್ಕೂ ಹೆಚ್ಚು. ಮರಿಗಳು ಮನುಷ್ಯರಿಗೆ ಒಗ್ಗಿಹೋಗಬಾರದೆಂದು ಕಾಂಡೋರ್ ತಲೆಯ ಕೈಗೊಂಬೆ ತೊಟ್ಟು ಗುಟುಕು ಕೊಟ್ಟು ಸಾಕಿದರು. ಆ ಗೊಂಬೆಯೊಳಗಿನ ಕೈಗಳನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.