ಪಿಟೀಲಿನ ಜೊತೆ ಕಾಲಿನ ಸದ್ದನ್ನು ರೆಕಾರ್ಡ್ ಮಾಡುವಾಗ

ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಹಳೆಯ ಪಿಟೀಲು ಸಂಗೀತದಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ಲಯದ ಹೊಣೆ ಕಮಾನು ಮತ್ತು ಬ್ಯಾಂಜೊ ಮೇಲೆ. ಉಳಿದದ್ದನ್ನು ಕುಣಿಯುವವರ ಕಾಲು ತುಂಬುತ್ತದೆ. ಫ್ಲಾಟ್‌ಫುಟಿಂಗ್, ಬಕ್ ಡ್ಯಾನ್ಸ್, ಕ್ಲಾಗಿಂಗ್ ಎಂಬ ಕುಣಿತದ ಹೆಸರುಗಳು ಊರಿಂದೂರಿಗೆ ಕಲಸಿಹೋಗುತ್ತವೆ. ಸ್ಥೂಲವಾಗಿ ಹೇಳುವುದಾದರೆ ಫ್ಲಾಟ್‌ಫುಟಿಂಗ್‌ನಲ್ಲಿ ಪಾದ ನೆಲ ಬಿಟ್ಟು ಹೆಚ್ಚು ಮೇಲೇಳುವುದಿಲ್ಲ, ಸದ್ದೂ ಮೆದು. ಉತ್ತರ ಕೆರೊಲಿನಾದ ಶುಗರ್ ಗ್ರೋವ್‌ನ ಕುಣಿತಗಾರ ರಾಬರ್ಟ್ ಡಾಟ್ಸನ್ ಅವರ ‘ವಾಕಿಂಗ್ ಸ್ಟೆಪ್’ ಈ ಜಾತಿಯದು.

ಆಲ್ಬಮ್‌ಗಳಲ್ಲಿ ಈ ಸದ್ದು ಹಾಳಾಗುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಹಾಡು ಮುಗಿಯುವ ಹೊತ್ತಿಗೆ ಚಪ್ಪಾಳೆಯಂತೆ ಅದನ್ನು ಮೇಲಿಂದ ಸುರಿಯುತ್ತಾರೆ. ಕಾಲಿಗೂ ಬರೆದಿಟ್ಟ ಪಾಲು ಬೇಕು. ಕ್ಲಾಗಿಂಗ್‌ನ ಮೂಲ ಹೆಜ್ಜೆಯನ್ನೇ ನೋಡಿ. ಒಂದು ಏಟನ್ನು (ತಾಳದ ಒಂದು ಬೀಟ್) ನಾಲ್ಕು ಭಾಗ ಮಾಡಿಕೊಂಡರೆ ಪಾದದ ತುದಿಯ ಎರಡು ತಟ್ಟು ಮೂರನೆಯ, ನಾಲ್ಕನೆಯ ಭಾಗದಲ್ಲಿ. ಮೈಭಾರ ಬೀಳುವುದು ಮುಂದಿನ ಏಟಿನ ಮೇಲೆ. ಆಮೇಲೆ ಅರ್ಧ ಏಟಿಗೆ ಹಿಂದಕ್ಕೊಂದು ಕಾಲು, ಏಟಿಗೆ ಸರಿಯಾಗಿ ಮತ್ತೆ ಮುಂದಿನ ಕಾಲು. ಈಗ ಪಿಟೀಲಿನ ‘ಷಫಲ್’ ಕಮಾನು: ಒಂದು ಉದ್ದ, ಎರಡು ಗಿಡ್ಡ. ಆ ಗಿಡ್ಡ ಎಳೆತಗಳು ಬೀಳುವುದೂ ಮೂರು, ನಾಲ್ಕನೆಯ ಭಾಗದಲ್ಲೇ. ಅಂದರೆ ಕಾಲಿನ ಎರಡು ತಟ್ಟು ಕಮಾನಿನ ಎರಡು ಗಿಡ್ಡ ಸ್ವರಗಳ ಮೇಲೆಯೇ ಕೂರುತ್ತದೆ. ಅಂಗಳದಲ್ಲಿ ಕುಣಿಯುವಾಗ ಇದು ಸೊಗಸು. ಮೈಕಿನ ಮುಂದೆ ಮಾತ್ರ ಕಾಲು ಪಿಟೀಲಿನ ಸಣ್ಣ ಸ್ವರಗಳನ್ನು ನುಂಗುತ್ತದೆ. ಹಾಗಾಗಿ ರಾಗದ ಮೊದಲ ಭಾಗದಲ್ಲಿ ತಟ್ಟು ಬಿಟ್ಟು ಬರೀ ಹಿಮ್ಮಡಿ, ಎರಡನೆಯ ಭಾಗದಲ್ಲಿ ಪೂರ್ತಿ ಹೆಜ್ಜೆ ಎಂದು ಮೊದಲೇ ಹಂಚಿಕೊಳ್ಳುವುದು ಒಳ್ಳೆಯದು. ಒಂದೊಂದು ಭಾಗ 16 ಏಟು, ಎರಡೆರಡು ಸಲ ನುಡಿಸಿದರೆ ಒಂದು ಸುತ್ತಿಗೆ 64. ನಿಮಿಷಕ್ಕೆ 120 ಏಟಿನ ವೇಗದಲ್ಲಿ ಅದು 32 ಸೆಕೆಂಡ್. ಮೂರು ನಿಮಿಷದ ರೆಕಾರ್ಡಿಂಗಿಗೆ ಐದಾರು ಸುತ್ತು. ಆರರಲ್ಲಿ ಎರಡು ಸುತ್ತು ಕಾಲು ಪೂರ್ತಿ ಸುಮ್ಮನಿದ್ದರೂ ನಷ್ಟವಿಲ್ಲ. ಏಟುಗಳು ಲೆಕ್ಕಕ್ಕೆ ಸಿಗದ ಡೊಂಕು ರಾಗಗಳೂ ಇವೆ. ಅವುಗಳಲ್ಲಿ ಹೆಜ್ಜೆ ಎಣಿಸುವವರು ಮುಗ್ಗರಿಸುತ್ತಾರೆ, ರಾಗ ಬಾಯಿಗೆ ಬಂದವರು ದಾಟುತ್ತಾರೆ.

ವಾದ್ಯ ಅಂದರೆ ಇಲ್ಲಿ ಹಲಗೆ. 18 ಮಿ.ಮೀ. ಪ್ಲೈವುಡ್, 4 ಅಡಿಗೆ 4 ಅಡಿ, ಕೆಳಗೆ ಮರದ ಪಟ್ಟಿಗಳ ಚೌಕಟ್ಟು. ಬರೀ ಸ್ಕ್ರೂ ಹಾಕಿದರೆ ಸ್ವಲ್ಪ ಹೊತ್ತಿಗೇ ಕಿರ್ರೆನ್ನುತ್ತದೆ, ಅಂಟೂ ಬೇಕು. ಪಟ್ಟಿಗಳ ನಡುವೆ ಪೊಳ್ಳು ಜಾಸ್ತಿಯಾದರೆ ಗುಂಯ್ ಎಂಬ ದಪ್ಪ ಸದ್ದು ಎದ್ದು ಬಾಸ್ ತಂತಿಯ ಜಾಗವನ್ನು ಕದಿಯುತ್ತದೆ. ಆಗ ಒಳಗೆ ಫೋಮ್ ತುಂಡು ತುರುಕಿ. ಕಾಂಕ್ರೀಟಿನ ಮೇಲೆ ಹಲಗೆಯನ್ನು ಹಾಗೇ ಇಡಬೇಡಿ, ಸದ್ದೂ ಸಾಯುತ್ತದೆ, ಮೊಣಕಾಲೂ ಹೋಗುತ್ತದೆ. ಶೂ ವಿಷಯದಲ್ಲಿ ನನ್ನ ಮತ ಸ್ಪಷ್ಟ: ಅಟ್ಟೆಗೆ ಹಾಕುವ, ಒಂದಕ್ಕೊಂದು ಬಡಿಯುವ ಎರಡು ತಗಡಿನ ಜಿಂಗಲ್ ಟ್ಯಾಪ್ ವೇದಿಕೆಗೆ ಸರಿ, ರೆಕಾರ್ಡಿಂಗಿಗೆ ಚರ್ಮದ ಅಟ್ಟೆ. ಜಾರುವ ‘ಶ್’ ಸದ್ದು ಚರ್ಮದಲ್ಲಿ ಮಾತ್ರ ಉಳಿಯುತ್ತದೆ.

ಮೈಕ್ ಹಲಗೆಯಿಂದ 20–30 ಸೆಂ.ಮೀ. ಎತ್ತರದಲ್ಲಿ, ಎದುರುಬದುರು ಮೂಲೆಗಳಲ್ಲಿ ಸಣ್ಣ ಸದ್ದನ್ನೂ ಹಿಡಿಯುವ ಎರಡು ಚಿಕ್ಕ ಕಂಡೆನ್ಸರ್ ಮೈಕ್. ಸ್ಟ್ಯಾಂಡಿನ ಕಾಲು ಹಲಗೆಗೆ ತಾಗಬಾರದು. ಹಲಗೆಯ ಅಡಿಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಒಂದನ್ನೇ ನೆಚ್ಚಿದರೆ ಹಿಮ್ಮಡಿಯ ಧಡ್ ಸಿಗುತ್ತದೆ, ತುದಿಯ ಟಿಕ್ ಸಿಗುವುದಿಲ್ಲ. ಎರಡನ್ನೂ ಸೇರಿಸುವುದಾದರೆ 30 ಸೆಂ.ಮೀ. ಗಾಳಿಯ ದಾರಿಗೆ ಸುಮಾರು 1 ಮಿಲಿಸೆಕೆಂಡ್ ತಡ ಎಂಬುದನ್ನು ಸರಿಹೊಂದಿಸಿ. ಪಿಟೀಲಿಗೆ ಫಿಗರ್-8 ಮೈಕ್ (ಮುಂದೆ, ಹಿಂದೆ ಕೇಳುತ್ತದೆ, ಪಕ್ಕಗಳಲ್ಲಿ ಕಿವುಡು) ಇಟ್ಟು ಅದರ ಕಿವುಡು ಬದಿಯನ್ನು ಹಲಗೆಯತ್ತ ತಿರುಗಿಸಿದರೆ ಸೋರಿಕೆ ಎಷ್ಟೋ ಕಡಿಮೆ. ಕುಣಿಯುವವರನ್ನು 4 ಮೀಟರ್ ದೂರ ನಿಲ್ಲಿಸಿದರೆ ಸದ್ದು 12 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. 120ರ ವೇಗದಲ್ಲಿ ಏಟಿನ ನಾಲ್ಕರಲ್ಲೊಂದು ಭಾಗವೇ 125 ಮಿಲಿಸೆಕೆಂಡ್, ಅದರ ಹತ್ತರಲ್ಲೊಂದು ಪಾಲು ಜಾರಿದರೆ ಕಿವಿಗೆ ಗೊತ್ತಾಗುತ್ತದೆ. ಹತ್ತಿರ ನಿಲ್ಲಿ, ಮುಖ ನೋಡಿಕೊಂಡು ನುಡಿಸಿ.

ಕಾಲನ್ನು ಆಮೇಲೆ ಬೇರೆಯಾಗಿ ಸೇರಿಸುವುದು ಸುಲಭವಾಗಿ ಕಾಣುತ್ತದೆ. ಆದರೆ ಪಿಟೀಲಿನ ವೇಗ ಸುತ್ತಿನಿಂದ ಸುತ್ತಿಗೆ ತುಸು ಏರುತ್ತದೆ, ಹೆಡ್‌ಫೋನಿನಲ್ಲಿ ಅದನ್ನು ಬೆನ್ನಟ್ಟುವ ಕಾಲು ಯಾವಾಗಲೂ ಹಿಂದೆ. ಒಟ್ಟಿಗೆ ನುಡಿಸಿದರೆ ಆ ಏರಿಕೆಯೇ ರಂಗು. ಮಿಕ್ಸಿಂಗ್‌ನಲ್ಲಿ ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್‌ನ ಅಟ್ಯಾಕ್ (ಅದು ಕೆಲಸಕ್ಕಿಳಿಯಲು ಹಿಡಿಯುವ ಹೊತ್ತು) 20–30 ಮಿಲಿಸೆಕೆಂಡಿಗಿಂತ ಚುರುಕಾದರೆ ತುದಿಯ ಟಿಕ್ ಮೊದಲು ಸಾಯುತ್ತದೆ. ರಿವರ್ಬ್ (ಸೇರಿಸುವ ಮಾರ್ದನಿ) ಅರ್ಧ ಸೆಕೆಂಡ್ ದಾಟದಿರಲಿ.

ಇನ್ನೊಂದು, ಪಿಟೀಲು ನುಡಿಸುವವರೂ ಕಾಲಲ್ಲಿ ಏಟು ಕುಟ್ಟುತ್ತಾರೆ, ತಮಗೇ ಗೊತ್ತಿಲ್ಲದೆ. ಅದು ಕುಣಿಯುವವರ ಹಿಮ್ಮಡಿಯ ಮೇಲೆ ಬಿದ್ದು ಏಟು ದಪ್ಪಗಾಗುತ್ತದೆ. ಶೂ ಬಿಚ್ಚಿಸಿ, ಕಾಲಡಿಗೆ ಕಂಬಳಿಯ ಮಡಿಕೆ ಹಾಕಿ.